ಕಾರಿನ ‘ಫೇಸ್‌ಲಿಫ್ಟ್’ನಲ್ಲಿ ನಿಜವಾಗಿ ಏನು ಬದಲಾಗುತ್ತದೆ?

ಒಂದು ಮಾದರಿ ಸಾಮಾನ್ಯವಾಗಿ ಆರೇಳು ವರ್ಷ ತಯಾರಾಗುತ್ತಿದ್ದು, ನಡುವೆ ಮಾರಾಟ ಕುಗ್ಗದಂತೆ ಕಂಪನಿಗಳು ಕಡಿಮೆ ಖರ್ಚಿನಲ್ಲಿ ಬದಲಿಸಬಹುದಾದ ಭಾಗಗಳನ್ನು ಹೊಸದಾಗಿಸುತ್ತವೆ; ಇದೇ ‘ಫೇಸ್‌ಲಿಫ್ಟ್’. ಬಂಪರ್, ಗ್ರಿಲ್‌ಗಳು ಪ್ಲಾಸ್ಟಿಕ್ಕಿನವಾದ್ದರಿಂದ ಅವುಗಳ ಅಚ್ಚು ಬದಲಿಸುವುದು ಅಷ್ಟು ದುಬಾರಿಯಲ್ಲ; ಆದರೆ ಬಾಗಿಲು, ಛಾವಣಿಗಳ ಉಕ್ಕಿನ ತಗಡನ್ನು ಒತ್ತುವ ಡೈಗಳಿಗೆ (ಲೋಹದ ಅಚ್ಚುಗಳಿಗೆ) ಭಾರಿ ವೆಚ್ಚ ತಗಲುವುದರಿಂದಲೂ, ದೇಹರಚನೆ ಬದಲಾದರೆ ಅಪಘಾತ ಪರೀಕ್ಷೆಗಳನ್ನು ಮತ್ತೆ ನಡೆಸಬೇಕಾಗುವುದರಿಂದಲೂ ಅವನ್ನು ಮುಟ್ಟುವುದು ಅಪರೂಪ. ಭಾರತದಲ್ಲಿ 2020ರಲ್ಲಿ ಬಂದ ಎರಡನೇ ತಲೆಮಾರಿನ ಹ್ಯುಂಡೈ ಕ್ರೆಟಾವನ್ನು 2024ರ ಜನವರಿಯಲ್ಲಿ ಪರಿಷ್ಕರಿಸಿದಾಗ ಮುಂಭಾಗ, ಹಿಂಭಾಗ, ಡ್ಯಾಶ್‌ಬೋರ್ಡ್ ಹೊಸದಾದವು, 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ 160 ಪಿಎಸ್ ಶಕ್ತಿಯ 1.5 ಲೀಟರ್ ಎಂಜಿನ್ ಬಂತು, 2610 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಹಾಗೆಯೇ ಉಳಿಯಿತು. ಪಕ್ಕದಿಂದ ನೋಡಿದರೆ ಹಳೆಯದೋ ಹೊಸದೋ ಎಂದು ತಟ್ಟನೆ ಹೇಳುವುದು ಕಷ್ಟವೇ.