ಗ್ರೀಕ್ ನಾಯಕಿಯರಿರುವ, ಮನೆಮಂದಿಯೆಲ್ಲ ಓದಬಹುದಾದ ಐತಿಹಾಸಿಕ ಪ್ರೇಮಕಾದಂಬರಿಗಳು ಇವೆಯೇ?

ನೀವು ಕೇಳಿರುವುದು ಇಷ್ಟು: ಪಿಯುಸಿ ಓದುವ ಮಗಳೂ ಎಪ್ಪತ್ತು ದಾಟಿದ ಅಮ್ಮನೂ ಒಂದೇ ಪುಸ್ತಕವನ್ನು ಸರದಿಯಲ್ಲಿ ಓದಬೇಕು, ನಾಯಕಿ ಗ್ರೀಕ್ ಹೆಣ್ಣಾಗಿರಬೇಕು, ಕಾಲ ಹಳೆಯದಾಗಿರಬೇಕು, ಯಾರೂ ಮುಜುಗರದಿಂದ ನಾಲ್ಕು ಪುಟ ಹಾರಿಸುವಂತಾಗಬಾರದು. ಮೊದಲೇ ಹೇಳಿಬಿಡುತ್ತೇನೆ, "ಗ್ರೀಕ್ ರೊಮಾನ್ಸ್ ಕೊಡಿ" ಎಂದು ಅಂಗಡಿಯಲ್ಲಿ ಕೇಳಿದರೆ ಇದು ಸಿಗುವುದಿಲ್ಲ. ಅಲ್ಲಿ ಸಿಗುವುದು ಹಡಗು ಕಂಪನಿಯ ಕೋಟ್ಯಧೀಶನ ಕಥೆ. ಅವನು ಗ್ರೀಕ್, ಅವಳು ಲಂಡನ್ನಿನಿಂದ ಬಂದ ಸೆಕ್ರೆಟರಿ. ಗ್ರೀಕ್ ಹೆಂಗಸರು ಕಪ್ಪು ಬಟ್ಟೆಯ ಅಜ್ಜಿಯರಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ, ಅಷ್ಟೆ.

ನಾನೂ ಹೀಗೆ ಮೋಸಹೋದವಳೇ. ನನ್ನ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಒಮ್ಮೆ ಪಿರೇಯಸ್ ಬಂದರಿನಿಂದ ಫೋನ್ ಮಾಡಿ "ಅಕ್ಕಾ, ಏನು ತರಲಿ?" ಎಂದ. "ಅಲ್ಲಿನ ಯಾವುದಾದರೂ ಕಥೆಪುಸ್ತಕ ತಾರೋ, ಇಂಗ್ಲಿಷಿನಲ್ಲಿದ್ದರೆ ಸಾಕು" ಎಂದೆ. ತಂದ. ಮುಖಪುಟದಲ್ಲಿ ನೀಲಿ ಗುಮ್ಮಟದ ಚರ್ಚು, ಒಳಗೆ 1821ರ ಸ್ವಾತಂತ್ರ್ಯ ಸಂಗ್ರಾಮದ ಕಾಲದ ಹುಡುಗಿ. ಮೂರನೇ ಅಧ್ಯಾಯದಲ್ಲೇ ಅವಳು ಮೂಸಾಕಾ ಮೇಲೆ ಹಾಲು-ಮೈದಾದ ಬಿಳಿ ಸಾಸ್ ಸುರಿದು ಬೇಯಿಸಲಿಟ್ಟಳು. ಬದನೆಕಾಯಿಯ ಆ ಅಡುಗೆಗೆ ಬಿಳಿ ಸಾಸಿನ ಹೊದಿಕೆ ಬಂದದ್ದು ನಿಕೊಲಾಓಸ್ ತ್ಸೆಲೆಮೆಂತೇಸ್ ಎಂಬ ಬಾಣಸಿಗನಿಂದ, ಅದೂ 1920ರ ದಶಕದಲ್ಲಿ! ಐದನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಆ ಪುಸ್ತಕ ನಮ್ಮ ಅತ್ತೆಯವರ ಕೈಗೆ ಸಿಗದಂತೆ ಬೀರುವಿನ ಸೀರೆಗಳ ಅಡಿಗೆ ಹೋಯಿತು.

ಆಮೇಲೆ ನಾನು ಹಿಂದಕ್ಕೆ ಹೋದೆ, ತೀರಾ ಹಿಂದಕ್ಕೆ. ನಮಗೆ ಗ್ರೀಕ್ ಎಂದರೆ ಬಿ.ಎಂ.ಶ್ರೀ.ಯವರ ದಯೆಯಿಂದ ರುದ್ರನಾಟಕ ನೆನಪಾಗುತ್ತದೆ, ಇಲ್ಲವಾದರೆ ಹೋಮರನ ಯುದ್ಧ. ಆದರೆ ಹುಡುಗ ಹುಡುಗಿ ಕಂಡು, ಮೆಚ್ಚಿ, ಅಗಲಿ, ಸಮುದ್ರ ಸುತ್ತಿ ಮತ್ತೆ ಸೇರುವ ಗದ್ಯಕಥೆಗಳನ್ನೂ ಗ್ರೀಕರು ಬರೆದಿದ್ದರು. ಪೂರ್ತಿಯಾಗಿ ಉಳಿದು ಬಂದಿರುವುದು ಐದು. ಅವುಗಳಲ್ಲಿ ನಿಮ್ಮ ಮನೆಗೆ ಮೊದಲು ಬರಬೇಕಾದದ್ದು ಕಲ್ಲಿರೋಯಿಯ ಕಥೆ.

ಬರೆದವನು ಖಾರಿಟನ್, ಇಂದಿನ ಟರ್ಕಿಯಲ್ಲಿರುವ ಆಫ್ರೊಡಿಸಿಯಸ್ ಊರಿನವನು. ಕಾಲ ಸುಮಾರು ಕ್ರಿ.ಶ. ಒಂದನೇ ಶತಮಾನ. ಮೊದಲ ಸಾಲಿನಲ್ಲೇ ತಾನು ಅಥೆನಾಗೊರಸ್ ಎಂಬ ವಾಗ್ಮಿಯ ಕೈಕೆಳಗಿನ ಗುಮಾಸ್ತ ಎಂದು ಹೇಳಿಕೊಳ್ಳುತ್ತಾನೆ. ಗುಮಾಸ್ತ ಬರೆದ ಪ್ರೇಮಕಥೆ ಎಂದೇ ನನಗೆ ಅರ್ಧ ಪ್ರೀತಿ. ಇದು ನಿಜಕ್ಕೂ ಐತಿಹಾಸಿಕ ಕಾದಂಬರಿ ಕೂಡ, ಏಕೆಂದರೆ ನಾಯಕಿಯ ಅಪ್ಪ ಹೆರ್ಮೊಕ್ರಟಿಸ್ ಇತಿಹಾಸದಲ್ಲಿ ಇದ್ದವನು, ಕ್ರಿ.ಪೂ. 413ರಲ್ಲಿ ಅಥೆನ್ಸಿನ ನೌಕಾಸೈನ್ಯವನ್ನು ಸೋಲಿಸಿದ ಸಿರಾಕ್ಯೂಸ್ ಪಟ್ಟಣದ ನಾಯಕ. ಬರೆದವನ ಪಾಲಿಗೇ ಅದು ನಾಲ್ಕೈದು ನೂರು ವರ್ಷ ಹಿಂದಿನ ಸಂಗತಿ.

ಕಥೆ ಹೀಗೆ: ಹಬ್ಬದ ದಿನ ಬೀದಿಯ ತಿರುವಿನಲ್ಲಿ ಕಲ್ಲಿರೋಯಿಯೂ ಕೈರಿಯಸನೂ ಎದುರಾಗುತ್ತಾರೆ. ಎರಡೂ ಮನೆಗೆ ಆಗಿಬರುವುದಿಲ್ಲ, ಊರವರೇ ಸೇರಿ ಮದುವೆ ಮಾಡಿಸುತ್ತಾರೆ. ಹೆಣ್ಣು ಸಿಗದೆ ಹೋದ ಉಳಿದ ವರಗಳು ಚಾಡಿ ಹೇಳಿ ಗಂಡನ ತಲೆ ಕೆಡಿಸುತ್ತಾರೆ. ಅವನು ಸಿಟ್ಟಿನಲ್ಲಿ ಒದೆಯುತ್ತಾನೆ, ಅವಳು ಸತ್ತಂತೆ ಬೀಳುತ್ತಾಳೆ. (ಮಗಳಿಗೆ ಕೊಡುವ ಮುಂಚೆ ಈ ಒಂದು ಜಾಗದ ಬಗ್ಗೆ ಮಾತಾಡಿಕೊಳ್ಳಿ. ನನಗೂ ಇದು ಗಂಟಲಲ್ಲಿ ಇಳಿಯಲಿಲ್ಲ.) ಒಡವೆ ಸಮೇತ ಸಮಾಧಿ ಮಾಡುತ್ತಾರೆ. ಗೋರಿಗಳ್ಳರು ಬಂದು ಬಾಗಿಲು ಒಡೆಯುವ ಹೊತ್ತಿಗೆ ಒಳಗೆ ಅವಳಿಗೆ ಎಚ್ಚರವಾಗಿರುತ್ತದೆ. ಅವರು ಅವಳನ್ನು ಮಿಲೆಟಸ್‌ಗೆ ಒಯ್ದು ಮಾರುತ್ತಾರೆ. ಕೊಂಡ ಮನೆಯ ಯಜಮಾನ ಡಯನೀಸಿಯಸ್ ಹೆಂಡತಿ ತೀರಿಕೊಂಡವನು, ಮರ್ಯಾದಸ್ತ, ಇವಳನ್ನು ಮನಸಾರೆ ಮೆಚ್ಚುತ್ತಾನೆ. ಅಷ್ಟರಲ್ಲಿ ತಾನು ಬಸುರಿ ಎಂದು ಅವಳಿಗೆ ತಿಳಿಯುತ್ತದೆ.

ಇಲ್ಲಿ ನಿಲ್ಲಿ, ಈ ಪುಟಗಳನ್ನು ನಿಧಾನವಾಗಿ ಓದಿ. ಅವಳು ಕೋಣೆಯಲ್ಲಿ ಒಬ್ಬಳೇ ಕೂತು, ಗಂಡನ ಪುಟ್ಟ ಚಿತ್ರವನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ನಾವೀಗ ಮೂವರಿದ್ದೇವೆ, ಗಂಡ, ಹೆಂಡತಿ, ಮಗು; ಮತ ಹಾಕೋಣ" ಎನ್ನುತ್ತಾಳೆ. ತನ್ನ ಮತ ಸಾವಿಗೆ. ಮಗುವಿನ ಮತ ಬದುಕಿಗೆ. ಗಂಡನ ಮತವನ್ನೂ ಅವಳೇ ಎಣಿಸುತ್ತಾಳೆ, ಅದೂ ಬದುಕಿಗೇ ಬೀಳುತ್ತದೆ. ಮಗು ಗುಲಾಮನಾಗಿ ಹುಟ್ಟಬಾರದೆಂದು ಡಯನೀಸಿಯಸನನ್ನು ಮದುವೆಯಾಗುತ್ತಾಳೆ. "ಪಾತಿವ್ರತ್ಯ" ಎಂಬ ಒಂದೇ ಅಳತೆಗೋಲು ಹಿಡಿದು ಓದುವವರಿಗೆ ಇದು ಕಷ್ಟ. ನಮ್ಮ ಅತ್ತೆ ಮಾತ್ರ, "ಮತ್ತಿನ್ನೇನು ಮಾಡಬೇಕಿತ್ತು ಅವಳು?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಅವಳು ಯಾರ ಹೆಂಡತಿ ಎಂದು ಬ್ಯಾಬಿಲೋನಿನಲ್ಲಿ ಪರ್ಷಿಯದ ದೊರೆಯ ಎದುರು ವಿಚಾರಣೆ, ಯುದ್ಧ, ಎಲ್ಲ ಕಳೆದು ಮೊದಲ ಗಂಡನ ಜೊತೆ ಊರಿಗೆ ಹೊರಡುವಾಗ ಅವಳು ಡಯನೀಸಿಯಸನಿಗೆ ತನ್ನ ಕೈಯಾರೆ ಒಂದು ಪತ್ರ ಬರೆಯುತ್ತಾಳೆ, ಮಗನನ್ನು ನೋಡಿಕೋ ಎಂದು. ಕೈರಿಯಸನಿಗೆ ಅದು ಗೊತ್ತಾಗಲು ಬಿಡುವುದಿಲ್ಲ, ಅವನ ಅಸೂಯೆ ಅವಳಿಗೆ ಗೊತ್ತಿದ್ದದ್ದೇ. ಇಡೀ ಕಾದಂಬರಿಯಲ್ಲಿ ನನಗೆ ಅತಿ ಹಿಡಿಸಿದ್ದು ಈ ಕದ್ದು ಬರೆದ ಪತ್ರ.

ಐದರಲ್ಲಿ ಇನ್ನೊಂದು ಹೀಲಿಯೋಡೋರಸ್ ಬರೆದದ್ದು, ನಾಯಕಿ ಖಾರಿಕ್ಲಿಯಾ. (ಹೆಸರಿನಲ್ಲಿ ಖಾರ ಕಂಡರೂ ಮೂಲ ಶಬ್ದ ಖಾರಿಸ್, ಅಂದರೆ ಚೆಲುವು, ಕೃಪೆ.) ಹುಟ್ಟಿನಿಂದ ಇಥಿಯೋಪಿಯದ ರಾಜಕುಮಾರಿ, ಬೆಳೆದದ್ದು ಡೆಲ್ಫಿಯಲ್ಲಿ ಗ್ರೀಕ್ ಹುಡುಗಿಯಾಗಿ. ಕಥೆ ಶುರುವಾಗುವುದೇ ನೈಲ್ ನದಿಯ ಅಳಿವೆಯಲ್ಲಿ: ದಡದ ತುಂಬ ಹೆಣ, ಅರ್ಧ ಉಂಡ ಔತಣದ ಮೇಜುಗಳು, ನಡುವೆ ಬಿಲ್ಲು ಹಿಡಿದ ಒಬ್ಬಳು ಹುಡುಗಿ. ಏನಾಯಿತೆಂದು ತಿಳಿಯಲು ಬಹಳ ಪುಟ ಕಾಯಬೇಕು. ಐದರಲ್ಲಿ ಅತಿ ಮಡಿವಂತ ಪುಸ್ತಕ ಇದೇ. ಮದುವೆಯಾಗುವ ತನಕ ಇಬ್ಬರೂ ಪಣ ತೊಟ್ಟು ಕಾಯುತ್ತಾರೆ. ಆದರೆ ಉದ್ದ, ಉಪಕಥೆಯೊಳಗೆ ಉಪಕಥೆ. ಮಗಳಿಗೆ ತಾಳ್ಮೆಯಿದ್ದರೆ ಸರಿ.

ಒಂದು ಎಚ್ಚರಿಕೆ. ಲೆಸ್ಬೋಸ್ ದ್ವೀಪದ ಕುರುಬ ಹುಡುಗ ಹುಡುಗಿಯರಾದ ಡಾಫ್ನಿಸ್, ಕ್ಲೋಯಿಯ ಕಥೆಯನ್ನು "ಮುಗ್ಧ ಪ್ರೇಮ" ಎಂದು ಎಲ್ಲರೂ ಶಿಫಾರಸು ಮಾಡುತ್ತಾರೆ. ಮುಗ್ಧರು ಅವರಿಬ್ಬರು, ಪುಸ್ತಕ ಅಲ್ಲ. ನಿಮ್ಮ ಷರತ್ತಿಗೆ ಅದು ಹೊಂದುವುದಿಲ್ಲ.

ಈಗ ಅಮ್ಮನ ಪಾಲಿನದು. ಕ್ರೀಟ್ ದ್ವೀಪ ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ವಿತ್ಸೆಂಜೋಸ್ ಕೊರ್ನಾರೋಸ್ ಬರೆದ ಎರೊತೊಕ್ರಿತೊಸ್. ಇದು ಕಾದಂಬರಿಯಲ್ಲ, ಸುಮಾರು 10,000 ಸಾಲಿನ ಕಾವ್ಯ, ಸಾಲಿಗೆ ಹದಿನೈದು ಮಾತ್ರೆ ಅಲ್ಲ, ಹದಿನೈದು ಉಚ್ಚಾರಾಂಶ, ಎರಡೆರಡು ಸಾಲಿಗೆ ಪ್ರಾಸ. ಮೊದಲು ಅಚ್ಚಾದದ್ದು 1713ರಲ್ಲಿ, ವೆನಿಸ್ಸಿನಲ್ಲಿ. ಇಂಗ್ಲಿಷ್ ಗದ್ಯದಲ್ಲಿ ಸಿಗುತ್ತದೆ, ಕಾದಂಬರಿಯ ಹಾಗೆಯೇ ಓದಿಸಿಕೊಳ್ಳುತ್ತದೆ. ಅಥೆನ್ಸಿನ ರಾಜಕುಮಾರಿ ಅರೆತೂಸಾ. ರಾತ್ರಿ ಅರಮನೆಯ ಕೆಳಗೆ ಯಾರೋ ವೀಣೆಯಂಥ ವಾದ್ಯ ನುಡಿಸಿ ಹಾಡುತ್ತಾನೆ, ಮುಖ ಕಾಣಿಸುವುದಿಲ್ಲ. ಅವಳು ಮೊದಲು ಮರುಳಾಗುವುದು ಹಾಡಿಗೆ. ಮುಂದೊಂದು ದಿನ ಮಂತ್ರಿಯ ಮನೆಗೆ ಹೋದಾಗ ಮಗನ ಕೋಣೆಯಲ್ಲಿ ಅದೇ ಹಾಡುಗಳು ಬರೆದಿಟ್ಟದ್ದು ಸಿಗುತ್ತವೆ, ಜೊತೆಗೆ ತನ್ನದೇ ಚಿತ್ರ! ಅವರಿಬ್ಬರು ಭೇಟಿಯಾಗುವುದು ಕಂಬಿ ಹಾಕಿದ ಕಿಟಕಿಯ ಎರಡು ಬದಿಯಲ್ಲಿ, ಪಕ್ಕದಲ್ಲಿ ಗದರುವ ದಾದಿ ಫ್ರೊಸಿನಿ. ಕೈಗೆ ಕೈ ತಾಗುವುದೇ ದೊಡ್ಡ ಸಂಗತಿ.

ತಂದೆ ತಂದ ರಾಜಕುಮಾರನನ್ನು ಅವಳು ಒಲ್ಲೆ ಎಂದಾಗ ಕೂದಲು ಕತ್ತರಿಸಿ ಸೆರೆಗೆ ಹಾಕುತ್ತಾರೆ. ಗಡಿಪಾರಾದ ಹುಡುಗ ಔಷಧಿ ಬಳಿದು ಮುಖ ಕಪ್ಪಾಗಿಸಿಕೊಂಡು ಬಂದು, ಯುದ್ಧದಲ್ಲಿ ರಾಜನನ್ನೇ ಉಳಿಸುತ್ತಾನೆ. ಆದರೂ ಅವಳೆದುರು ಗುರುತು ಬಿಟ್ಟುಕೊಡದೆ ಪರೀಕ್ಷಿಸುತ್ತಾನೆ. ನಳಚರಿತ್ರೆಯ ಬಾಹುಕನ ಜೊತೆ ಬೆಳೆದ ಅಮ್ಮಂದಿರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಕ್ರೀಟಿನಲ್ಲಿ ಇಂದಿಗೂ ಇದರ ಸಾಲುಗಳನ್ನು ಹಾಡುತ್ತಾರೆ.

ಹೊಸ ಪುಸ್ತಕಗಳಲ್ಲಿ ಎರಡೇ ಹೇಳುತ್ತೇನೆ, ಎರಡೂ ವಿಕ್ಟೋರಿಯಾ ಹಿಸ್ಲಾಪ್ ಅವರವು. 2011ರ 'ದ ಥ್ರೆಡ್' ಥೆಸಲೋನಿಕಿ ಪಟ್ಟಣದ ಕಥೆ. 1922ರಲ್ಲಿ ಇಂದಿನ ಟರ್ಕಿಯಲ್ಲಿರುವ ಸ್ಮಿರ್ನಾ ಪಟ್ಟಣ ಸುಟ್ಟಾಗ ತಾಯಿಯಿಂದ ಅಗಲಿ ಹಡಗು ಹತ್ತಿದ ಕಟರಿನಾ ಎಂಬ ಮಗು ಮುಂದೆ ಕಸೂತಿ-ಹೊಲಿಗೆಯಲ್ಲಿ ಎತ್ತಿದ ಕೈಯಾಗುತ್ತಾಳೆ. ಒಂದೇ ಬೀದಿಯಲ್ಲಿ ಕ್ರೈಸ್ತರು, ಮುಸ್ಲಿಮರು, ಯಹೂದಿಗಳು. ಗ್ರೀಸ್-ಟರ್ಕಿಗಳ ನಡುವಿನ 1923ರ ಜನವಿನಿಮಯ ಮುಸ್ಲಿಮರನ್ನು ಎಬ್ಬಿಸುತ್ತದೆ, 1943ರಲ್ಲಿ ನಾಜಿಗಳು ಯಹೂದಿಗಳನ್ನು. ಪ್ರೇಮ ಹಿನ್ನೆಲೆಯಲ್ಲಿ ಸಣ್ಣಗೆ ಉರಿಯುತ್ತಿರುತ್ತದೆ. 2005ರ 'ದ ಐಲ್ಯಾಂಡ್' ಸ್ಪಿನಾಲೊಂಗಾದ ಕಥೆ. ಕ್ರೀಟಿನ ಪಕ್ಕದ ಈ ಪುಟ್ಟ ದ್ವೀಪ 1903ರಿಂದ 1957ರ ತನಕ ಕುಷ್ಠರೋಗಿಗಳ ವಸಾಹತಾಗಿತ್ತು. ಅಲ್ಲಿಗೆ ಹೋಗಬೇಕಾದ ಮಾರಿಯಾ ಮತ್ತು ಅಲ್ಲಿಗೆ ಬರುವ ಡಾಕ್ಟರರ ಮೆತ್ತನೆಯ ಪ್ರೀತಿ ನಿಮಗೆ ಬೇಕಾದದ್ದೇ. ಅವಳ ಅಕ್ಕ ಆನ್ನಾಳ ಅಡ್ಡದಾರಿ ಒಂದಿದೆ, ಆದರೆ ಹಸಿ ವರ್ಣನೆ ಇಲ್ಲ.

ಬೇರೆ ಪುಸ್ತಕ ಕೈಗೆ ಬಂದರೆ ನಾನು ಮೊದಲು ತಿರುವಿ ನೋಡುವುದು ಮದುವೆಯ ಅಧ್ಯಾಯವನ್ನು. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರ ಮದುವೆ ಗೊತ್ತಿದ್ದವರು ಬರೆದಿದ್ದರೆ ಎರಡು ಕಿರೀಟಗಳಿರುತ್ತವೆ, ನಡುವೆ ರಿಬ್ಬನ್ ಕಟ್ಟಿರುತ್ತದೆ, ಅದನ್ನು ಕುಂಬಾರೋಸ್ ಎಂಬ ಮದುವೆಯ ಹಿರಿತನ ಹೊತ್ತವನು ಇಬ್ಬರ ತಲೆಯ ಮೇಲೆ ಮೂರು ಬಾರಿ ಅದಲುಬದಲು ಮಾಡುತ್ತಾನೆ. ನಂತರ ಮೇಜಿನ ಸುತ್ತ ಮೂರು ಸುತ್ತು, ಮೇಲೆ ಅಕ್ಕಿಯ ಮಳೆ, ನಮ್ಮ ಅಕ್ಷತೆಯ ಹಾಗೆಯೇ. "ಹೆಂಡತಿ ಗಂಡನಿಗೆ ಅಂಜಿ ನಡೆಯಲಿ" ಎಂಬ ವಾಕ್ಯವನ್ನು ಪಾದ್ರಿ ಓದುವಾಗ ಮದುಮಗಳು ಮದುಮಗನ ಕಾಲನ್ನು ಮೆಲ್ಲಗೆ ತುಳಿಯುವ ತಮಾಷೆಯೂ ಇದೆ. ಚಪ್ಪಲಿಯ ಅಟ್ಟೆಯಡಿ ಮದುವೆಯಾಗದ ಗೆಳತಿಯರ ಹೆಸರು ಬರೆದಿರುತ್ತಾಳೆ. ಕುಣಿದು ಕುಣಿದು ಯಾರ ಹೆಸರು ಅಳಿಸಿತೋ ಅವರಿಗೆ ಬೇಗ ಕಂಕಣ. ಪ್ರಿಕಾ ಎಂಬ ವರದಕ್ಷಿಣೆ, ಅದಕ್ಕಾಗಿ ಹುಡುಗಿ ಚಿಕ್ಕಂದಿನಿಂದ ನೇಯ್ದು ಪೆಟ್ಟಿಗೆ ತುಂಬಿಸುವ ಹಾಸು-ಹೊದಿಕೆ, ಇವೂ ಇರಬೇಕು. ಅಲ್ಲಿ ವರದಕ್ಷಿಣೆಯನ್ನು ಕಾನೂನಿನಿಂದ ತೆಗೆದದ್ದು 1983ರಲ್ಲಿ, ನಮ್ಮ 1961ರ ಕಾಯ್ದೆಗಿಂತಲೂ ತಡವಾಗಿ. ಇದಾವುದೂ ಇಲ್ಲದೆ ಬರೀ ತಟ್ಟೆ ಒಡೆಯುವುದು, ಸೂರ್ಯಾಸ್ತ ನೋಡುವುದು ಇದ್ದರೆ ವಾಪಸ್ ಇಟ್ಟುಬಿಡಿ.

ಕೊನೆಗೆ ನಮ್ಮ ಊರ ಕಡೆಯದೊಂದು, ಕಾದಂಬರಿಯಲ್ಲದಿದ್ದರೂ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಪ್ಯಾಪಿರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ, ಅಣ್ಣ ಹಡಗು ತಂದಿದ್ದಾನೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವವರು. ರಾಜನಿಗೆ ನೀರಿಲ್ಲದ್ದನ್ನೇ ಕುಡಿಸಿ ಮಲಗಿಸಿ ಪರಾರಿಯಾಗುತ್ತಾರೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡವೇ ಎಂದು 1904ರಲ್ಲಿ ಹುಲ್ಟ್ಜ್ ಎಂಬ ಜರ್ಮನ್ ಶಾಸನತಜ್ಞರು ಬರೆದರು. ನಮ್ಮ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಎಂದು ಒಂದು ಸಾಲನ್ನು ಓದಿದವರಿದ್ದಾರೆ, ಜಾಗ ಮಲ್ಪೆಯ ಬಳಿ ಎಂದವರೂ ಇದ್ದಾರೆ. ಒಪ್ಪದವರಿದ್ದಾರೆ, ಅದು ತುಳು ಎನ್ನುವವರೂ ಇದ್ದಾರೆ. ಪ್ರೇಮ ಇದರಲ್ಲಿ ಇಲ್ಲ, ವಿದೂಷಕ ಹೂಸು ಬಿಟ್ಟೇ ಶತ್ರುಗಳನ್ನು ಓಡಿಸುತ್ತಾನೆ, ಹಾಗಾಗಿ "ಸಭ್ಯ" ಎನ್ನಲೂ ಧೈರ್ಯವಿಲ್ಲ. ಆದರೆ ಆ ವಿದೂಷಕ "ಹೋಗುವಾಗ ದೇವಿಯ ಕಾಣಿಕೆಯನ್ನೂ ಎತ್ತಿಕೊಂಡು ಹೋಗೋಣ" ಎಂದಾಗ ಖಾರಿಟಿಯನ್ ಬೇಡವೆನ್ನುತ್ತಾಳೆ: ಕಾಪಾಡು ಎಂದು ಕೇಳುವವರು ಗುಡಿಯಲ್ಲಿ ಕಳ್ಳತನ ಮಾಡಬಾರದು.

ಮಲ್ಪೆಯ ದಡದಲ್ಲಿ ಬಂಗುಡೆ ಕೊಳ್ಳುವಾಗ ನನಗೆ ಇವಳು ನೆನಪಾಗುತ್ತಾಳೆ. ಇವಳ ಮೇಲೆ ಕನ್ನಡದಲ್ಲಿ ಒಂದು ಮರ್ಯಾದಸ್ತ ಪ್ರೇಮಕಾದಂಬರಿಯನ್ನು ನಿಮ್ಮ ಮಗಳೇ ಬರೆದರೆ ಮೊದಲ ಪ್ರತಿ ನನಗಿರಲಿ. ಸದ್ಯಕ್ಕೆ ಅವಳಿಗೆ ಕಲ್ಲಿರೋಯಿ, ಅಮ್ಮನಿಗೆ ಅರೆತೂಸಾ. ಓದಿ ಮುಗಿದ ಮೇಲೆ ಅದಲುಬದಲು ಮಾಡಿಕೊಳ್ಳಲಿ.