«ಟೀಚರ್, ಈ ಕಥೆ ಗೊತ್ತು!» ಎನ್ನುವ ಮಕ್ಕಳಿಗೆ ಬೈಬಲ್ ಹೇಗೆ ಹೇಳುವುದು?

ಪ್ರಶ್ನೆ: ನಾನು ಸಂಡೇ ಸ್ಕೂಲ್ ಶಿಕ್ಷಕಿ. ಆರರಿಂದ ಹನ್ನೊಂದು ವರ್ಷದ ಮಕ್ಕಳಿದ್ದಾರೆ. ಕಣ್ಣು ಕಾಣದ ಭಿಕ್ಷುಕ ಬಾರ್ತಿಮಾಯನ ಕಥೆ ಶುರು ಮಾಡುವಷ್ಟರಲ್ಲಿ «ಗೊತ್ತು ಟೀಚರ್, ಕೊನೆಗೆ ಅವನಿಗೆ ಕಣ್ಣು ಬರುತ್ತೆ» ಅಂದುಬಿಟ್ಟರು. ಪ್ರಾರ್ಥನೆ ಮಾಡಿ ಅಂದರೆ ದೊಡ್ಡವರಿಂದ ಕೇಳಿದ ಅದೇ ನಾಲ್ಕು ಮಾತು. ಮಕ್ಕಳೇ ಪಾತ್ರವಾಗಿ ಕಥೆ ನಡೆಸುವ ವಿಧಾನ ಇದೆಯಂತೆ. ಆದರೆ ಸಭೆಯ ಹಿರಿಯರೊಬ್ಬರು «ಅದು ದೇವರ ವಾಕ್ಯಕ್ಕೆ ನಮ್ಮದನ್ನು ಸೇರಿಸಿದ ಹಾಗೆ» ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಗದಗ

ಉತ್ತರ: ಹಿರಿಯರ ಮಾತಿನಿಂದಲೇ ಶುರು ಮಾಡೋಣ. ಅವರ ಆತಂಕದಲ್ಲಿ ಹುರುಳಿದೆ. ನಮ್ಮ ಕ್ರಿಸ್‌ಮಸ್ ನಾಟಕಗಳಲ್ಲಿ ಛತ್ರದ ಯಜಮಾನ ಮರಿಯ, ಯೋಸೇಫರನ್ನು «ಜಾಗ ಇಲ್ಲ, ಹೋಗಿ!» ಎಂದು ಗದರುತ್ತಾನಲ್ವಾ? ಲೂಕನ ಸುವಾರ್ತೆಯಲ್ಲಿ ಹುಡುಕಿ ನೋಡಿ, ಆ ಯಜಮಾನನೇ ಇಲ್ಲ. ಹೀಗೆ ಸೇರಿಕೊಂಡಿದ್ದು ಮುಂದೆ ಬೈಬಲಿನದೇ ಆಗಿಬಿಡುತ್ತದೆ. ಅದಕ್ಕೇ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ಕಥೆಯ ಮಾತು ಬೈಬಲಿನದೇ ಇರಲಿ. ಮಕ್ಕಳ ಕಲ್ಪನೆಗೆ ನೀವು ಕೇಳುವ ಪ್ರಶ್ನೆಗಳಲ್ಲಿ ಜಾಗ ಕೊಡಿ. ಹಿರಿಯರನ್ನೂ ಒಂದು ದಿನ ಕರೆದು ಕೂರಿಸಿಕೊಳ್ಳಿ. ಬೈಬಲ್ ಓದುವ ಕೆಲಸ ಅವರಿಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಬಾರ್ತಿಮಾಯನನ್ನೇ ತೆಗೆದುಕೊಳ್ಳೋಣ. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯ, 46ರಿಂದ 52ನೇ ವಚನ. ಬೇಕಾಗಿರುವುದು ಒಂದು ಹಳೆಯ ಶಾಲು, ನಾಲ್ಕು ಚಿಲ್ಲರೆ ಕಾಸು. ಒಂದು ಮಗು ಬಾರ್ತಿಮಾಯ, ಉಳಿದವರೆಲ್ಲ ಜನರ ಗುಂಪು. ಯೇಸುವಿನ ಪಾತ್ರವನ್ನು ಯಾವ ಮಗುವಿಗೂ ಕೊಡಬೇಡಿ. ಆ ಮಾತುಗಳನ್ನು ಪುಸ್ತಕ ನೋಡಿಯೇ ಓದಿ. ಇನ್ನೊಂದು, ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಅದು ಕಣ್ಣಾಮುಚ್ಚಾಲೆ ಆಟವಾಗಿ ನಗು ಶುರುವಾಗುತ್ತದೆ. ಕಣ್ಣು ಕಾಣದವರು ಯಾರದಾದರೂ ಮನೆಯಲ್ಲಿದ್ದರೆ ಆ ಮಗುವಿಗೆ ಹೇಗನಿಸೀತು?

ಶಾಲು ಹರಡಿ, ಕಾಸು ಹಾಕಿ, ಬಾರ್ತಿಮಾಯನನ್ನು ಕೂರಿಸಿ. «ದಾವೀದನ ಕುಮಾರನೇ, ನನ್ನನ್ನು ಕರುಣಿಸು» ಎಂದು ಅವನು ದಾರಿಯಲ್ಲಿ ಹೋಗುತ್ತಿರುವ ಯೇಸುವನ್ನು ಕೂಗಲಿ. ಗುಂಪು «ಸುಮ್ನಿರು!» ಎಂದು ಗದರಲಿ. ಗದರುವುದು ಮಕ್ಕಳಿಗೆ ಬಲು ಇಷ್ಟ, ಚೆನ್ನಾಗಿ ಗದರುತ್ತಾರೆ. ಅವನು ಇನ್ನೂ ಜೋರಾಗಿ ಕೂಗಲಿ. ಆಗ ಯೇಸು ನಿಂತು, ಅವನನ್ನು ಕರೆಯಿರಿ ಎನ್ನುತ್ತಾನೆ. ಈಗ ಅದೇ ಗುಂಪು ದನಿ ಬದಲಿಸಿ «ಧೈರ್ಯವಾಗಿರು, ಏಳು, ನಿನ್ನನ್ನು ಕರೆಯುತ್ತಿದ್ದಾನೆ» ಅನ್ನಬೇಕು. ಈ ಕಥೆ ಲೂಕನಲ್ಲೂ ಇದೆ, ಆದರೆ ಗುಂಪಿನ ಈ ಎರಡನೇ ಮಾತು ಮಾರ್ಕನಲ್ಲಿ ಮಾತ್ರ.

ಇಲ್ಲೇ ಆಟ ನಿಲ್ಲಿಸಿ, ಕೇಳಿ: «ಈಗ ತಾನೇ ಸುಮ್ನಿರು ಅಂದಿರಿ. ಈಗ ಧೈರ್ಯವಾಗಿರು ಅಂತಿದ್ದೀರಿ. ನಿಮ್ಮೊಳಗೆ ಏನಾಯಿತು?» ಕೊನೆಗೆ ಕಣ್ಣು ಬರುತ್ತೆ ಎಂದು ಗೊತ್ತಿದ್ದ ಮಗುವಿಗೂ ಇದಕ್ಕೆ ಉತ್ತರ ಬಾಯಿಪಾಠ ಬಂದಿರುವುದಿಲ್ಲ. ಒಬ್ಬ «ಯೇಸು ಕರೆದ ಅಂತ ಹೆದರಿಕೆಯಾಯ್ತು» ಅನ್ನಬಹುದು, ಇನ್ನೊಬ್ಬಳು «ನಾಚಿಕೆಯಾಯ್ತು» ಅನ್ನಬಹುದು. ಯಾವುದು ಸರಿ ಎಂದು ನೀವು ಹೇಳಬೇಡಿ. ಟೀಚರುಗಳಿಗೆ ಇದೇ ಕಷ್ಟ. ವಿವರಣೆ ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ, ನುಂಗಿಕೊಳ್ಳಿ.

ಆಮೇಲೆ ಶಾಲು. ಅವನು ಹೊದಿಕೆಯನ್ನು ಬಿಸಾಡಿ ಎದ್ದ ಎಂದು ಮಾರ್ಕ ಬರೆಯುತ್ತಾನೆ. ಬಡವನಿಗೆ ಹೊದಿಕೆ ಎಂದರೆ ಏನು ಅನ್ನುವುದಕ್ಕೆ ಬೈಬಲಿನ ವಿಮೋಚನಕಾಂಡದ 22ನೇ ಅಧ್ಯಾಯ ನೋಡಿ. ಬಡವನ ಹೊದಿಕೆ ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಬೇಕು, ರಾತ್ರಿ ಹೊದ್ದು ಮಲಗಲು ಅವನಿಗೆ ಬೇರೆ ಏನೂ ಇಲ್ಲ ಎಂಬ ನಿಯಮ ಅಲ್ಲಿದೆ. ಅಂಥದ್ದನ್ನು ಎಸೆದು ಯೇಸುವಿನ ಹತ್ತಿರ ಬಂದ. ಬಾರ್ತಿಮಾಯನಾದ ಮಗು ಶಾಲನ್ನು ನಿಜವಾಗಿಯೂ ಎಸೆಯಲಿ, ಕಾಸು ಚೆಲ್ಲಾಪಿಲ್ಲಿಯಾಗಲಿ. «ಕಾಸು ಯಾರು ಆರಿಸಿಕೊಂಡರು?» ಎಂದು ಯಾವುದಾದರೂ ಮಗು ಕೇಳೇ ಕೇಳುತ್ತದೆ. ಕೇಳಲಿ ಬಿಡಿ.

ಇನ್ನು ಪ್ರಾರ್ಥನೆ. ನಿನಗೆ ನಾನು ಏನು ಮಾಡಬೇಕು ಎಂದು ಯೇಸು ಅವನನ್ನು ಕೇಳುತ್ತಾನೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ತನ್ನ ಶಿಷ್ಯರಾದ ಯಾಕೋಬ, ಯೋಹಾನರಿಗೂ ಇದೇ ಪ್ರಶ್ನೆ ಕೇಳಿದ್ದ. ಅವರು ಬೇಡಿದ್ದು ಯೇಸುವಿನ ಎಡಬಲದ ಆಸನ. ಇವನು ಬೇಡಿದ್ದು ಕಣ್ಣು. ಎರಡನ್ನೂ ಓದಿ, ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ಸುಮ್ಮನೆ ಕೂತುಬಿಡಿ. ಹಾಳೆ, ಬಣ್ಣದ ಪೆನ್ಸಿಲ್ ಕೊಡಿ. ಹೇಳುವವರು ಹೇಳಲಿ, ಬರೆಯುವವರು ಬರೆಯಲಿ, ಏನೂ ಮಾಡದವರು ಹಾಗೇ ಇರಲಿ. ಯಾವನಾದರೂ ಹುಡುಗ ಸೈಕಲ್ ಕೇಳಿದರೆ ನಗಬೇಡಿ. ಬಾಯಿಪಾಠದ ನಾಲ್ಕು ಮಾತಿಗಿಂತ ಆ ಸೈಕಲ್ ಎಷ್ಟೋ ಪ್ರಾಮಾಣಿಕ ಪ್ರಾರ್ಥನೆ.

ಒಂದು ಎಚ್ಚರಿಕೆ. «ಅಪ್ಪ ಕುಡಿಯೋದು ನಿಲ್ಲಿಸಲಿ» ಎಂದು ಒಂದು ಮಗು ಹೇಳಬಹುದು. ಅದನ್ನು ಬುಧವಾರದ ಪ್ರಾರ್ಥನಾ ಕೂಟಕ್ಕೆ ವಿಷಯವಾಗಿ ಒಯ್ಯಬೇಡಿ. ವಾರದೊಳಗೆ ಊರಿಗೆಲ್ಲ ಗೊತ್ತಾಗಿ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಆದರೆ ಮಗುವಿಗೆ ಏಟು, ಅಪಾಯದ ಸುಳಿವು ಕಂಡರೆ ಗುಟ್ಟು ಎಂದು ಸುಮ್ಮನಿರಬೇಡಿ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.

ಈ ವಿಧಾನಕ್ಕೆ ಹಿಂದೊಂದು ಪರಂಪರೆಯೂ ಇದೆ. 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆತ್ತಿ ಎಂಬ ಬೈಬಲ್ ವಿದ್ವಾಂಸೆ, ಮಾಂಟೆಸ್ಸರಿ ಕ್ರಮದಲ್ಲಿ ಮಕ್ಕಳ ಜೊತೆ ಬೈಬಲ್ ಓದಲು ಆರಂಭಿಸಿದರು. ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ಅದನ್ನು ಮುಂದುವರಿಸಿ «ಗಾಡ್ಲಿ ಪ್ಲೇ» ರೂಪಿಸಿದರು. ಅಲ್ಲಿ ಕಥೆಗಾರರು ಮರದ ಪುಟ್ಟ ಬೊಂಬೆಗಳನ್ನು ಮರಳಿನ ಮೇಲೆ ನಡೆಸುತ್ತಾ, ಮಕ್ಕಳನ್ನಲ್ಲ, ಆ ಬೊಂಬೆಗಳನ್ನೇ ನೋಡುತ್ತಾ ಕಥೆ ಹೇಳುತ್ತಾರೆ. ನಿಮಗೆ ದುಬಾರಿ ಸಾಮಾನು ಬೇಡ. ಒಂದು ತಟ್ಟೆ ಮರಳು, ನಾಲ್ಕು ಗುಂಡುಕಲ್ಲು ಸಾಕು.

ಪ್ರಶ್ನೆ: ನನಗೆ ಅರವತ್ತೆಂಟು. ಮನೆಯಲ್ಲಿ ಒಬ್ಬಳೇ ಜಪಸರ ಮಾಡುತ್ತೇನೆ, ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಹೀಗೆ ಕಥೆಯೊಳಗೆ ಹೋಗುವುದು ನನ್ನಂಥವರಿಗೂ ಆದೀತೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಆಗುತ್ತದಮ್ಮಾ. ಇದನ್ನು ದೊಡ್ಡವರಿಗೇ ಕಲಿಸಿದವರು ಸಂತ ಇಗ್ನೇಷಿಯಸ್. 1521ರಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಕ್ರಿಸ್ತನ ಜೀವನ ಓದುತ್ತಾ ಅವರ ದಾರಿಯೇ ಬದಲಾಯಿತು. ಮುಂದೆ ಅವರು ಕಟ್ಟಿದ ಯೇಸುಸಭೆ ಎಂಬ ಸನ್ಯಾಸಿ ಸಂಘವೇ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದ್ದು. ಪ್ರಸಂಗವನ್ನು ಓದಿ, ಅಲ್ಲಿಯ ದಾರಿ, ಮನೆ, ಜನರ ಮಾತನ್ನು ಕಂಡಂತೆ, ಕೇಳಿದಂತೆ ನೆನೆದು, ಕೊನೆಗೆ ಯೇಸುವಿನ ಜೊತೆ ಗೆಳೆಯನ ಹತ್ತಿರ ಮಾತಾಡಿದ ಹಾಗೆ ಮಾತಾಡುವುದು ಅವರ ಕ್ರಮ.

ಜಪಸರ ಬಿಡಬೇಕಾಗಿಲ್ಲ. ಅದರಲ್ಲಿ ಧ್ಯಾನಿಸುವ ಒಂದೊಂದು «ರಹಸ್ಯ»ವೂ ಯೇಸು, ಮರಿಯಮ್ಮನವರ ಬದುಕಿನ ಒಂದು ಪ್ರಸಂಗವೇ. ಕಾಣೆಯಾಗಿದ್ದ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಸಿಕ್ಕಿದ್ದನ್ನು ಧ್ಯಾನಿಸುವಾಗ, ಮಗನನ್ನು ಹುಡುಕುವ ಆ ದಾರಿಯಲ್ಲಿ ಮರಿಯಮ್ಮನವರ ಪಕ್ಕ ನಡೆಯಿರಿ. ಮಗ ಸಿಕ್ಕಿದ್ದು ಮೂರು ದಿನದ ಮೇಲೆ. ಸಂತೆಯಲ್ಲಿ ಮಗು ಕೈ ಬಿಟ್ಟುಹೋದ ಐದು ನಿಮಿಷವನ್ನು ಅನುಭವಿಸಿದ ತಾಯಿಗೆ ಆ ಮೂರು ದಿನ ಏನೆಂದು ಬೇರೆ ಹೇಳಬೇಕೇ? ಚಿತ್ರ ಕಣ್ಣ ಮುಂದೆ ಬಾರದಿದ್ದರೆ ಚಿಂತೆಯಿಲ್ಲ, ಕೆಲವರಿಗೆ ದನಿ ಮಾತ್ರ ಕೇಳಿಸುತ್ತದೆ. ಮನಸ್ಸು ಓಡಿದರೆ ಅದು ಯಾರ ಹತ್ತಿರ ಓಡಿತೋ ಅವರನ್ನೂ ಆ ದಾರಿಗೆ ಕರೆದುಕೊಳ್ಳಿ. ಹೀಗೆ ಒಂದೇ ರಹಸ್ಯದಲ್ಲಿ ಹೊತ್ತಾಗಿಬಿಟ್ಟರೆ ಮಿಕ್ಕಿದ್ದನ್ನು ಸಂಜೆ ಮುಗಿಸಿದರಾಯಿತು.