ಹಳೇ 32 ಇಂಚಿನ ಟಿವಿಗೆ ಯಾವ ಸ್ಟ್ರೀಮಿಂಗ್ ಸ್ಟಿಕ್ ತಗೊಳ್ಳೋದು?

ಬಸವನಗುಡಿಯ ಮನೆಯಲ್ಲಿ ಅಮ್ಮ ನೋಡುವ ಹಳೇ 32 ಇಂಚಿನ ಟಿವಿಗೆ 4ಕೆ (ಎಚ್‌ಡಿಗಿಂತ ಹೆಚ್ಚು ಸ್ಪಷ್ಟ ಚಿತ್ರದ) ಸ್ಟಿಕ್ ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಆ ಅಳತೆಯ ಹಳೇ ಟಿವಿಗಳ ಪರದೆ ಹೆಚ್ಚಾಗಿ ಬರೀ ಎಚ್‌ಡಿ, ಸುಮ್ನೆ ದುಡ್ಡು ದಂಡ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್‌ನ ಎಚ್‌ಡಿ ಮಾಡೆಲ್ ಧಾರಾಳವಾಗಿ ಸಾಕು. ಟಿವಿ ಹಿಂದೆ ಸ್ಟಿಕ್ ಚುಚ್ಚೋಕೆ ಎಚ್‌ಡಿಎಂಐ ಪೋರ್ಟ್ ಇದೆಯಾ ನೋಡಿಕೊಳ್ಳಿ, ಅಷ್ಟೇ.

ಆದರೆ ಸ್ಟಿಕ್‌ಗೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಹಳೇ ಟಿವಿಗಳಲ್ಲಿ ಅಲ್ಲಿ ಸಿಗೋದು ಸಾಮಾನ್ಯವಾಗಿ 0.5 ಆಂಪಿಯರ್. ಅದು ಸಾಲದೆ ಸಿನಿಮಾ ಮಧ್ಯದಲ್ಲೇ ಆಫ್ ಆಗಿ ಮತ್ತೆ ಲೋಗೋ ಬಂದು ಕೂರುತ್ತದೆ. ಡಬ್ಬಿಯಲ್ಲಿ ಬರುವ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ.

ನಿಮ್ಮ ಕಡೆ ಹಳೇ ಮನೆಗಳ ಗೋಡೆ ದಪ್ಪ ಅಲ್ವಾ? ರೌಟರ್ ಬೇರೆ ರೂಮಿನಲ್ಲಿದ್ದರೆ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟುವಾಗ ಜಾಸ್ತಿ ಸೊರಗುತ್ತದೆ.